ತಗಡಿನ ಮೇಲೆ ಒಂದು ಊರು

"ಅಪ್ಪಾ, ಇದು ಅಂಗಡಿ ಬೋರ್ಡಾ?" ಅಂತ ಮಗಳು ಕೇಳಿದಳು.

ಅಟ್ಲಾಂಟಾದ ಹೈ ಮ್ಯೂಸಿಯಂನಲ್ಲಿ, ಜನಪದ ಕಲೆಯ ಕೋಣೆಯಲ್ಲಿ ನಿಂತಿದ್ದೆವು. ಎದುರಿಗೆ ಒಂದು ತಗಡು. ಮನೆ ಮಾಡಿಗೆ ಹೊದಿಸುವ ಹಳೆ ತಗಡು, ಅಂಚಿನಲ್ಲಿ ತುಕ್ಕು, ಅಲ್ಲಲ್ಲಿ ಮೊಳೆ ಹೊಡೆದ ತೂತು. ಅದರ ಮೇಲೆ ಎನಾಮಲ್ ಪೇಂಟ್‌ನಲ್ಲಿ ಒಬ್ಬ ಮನುಷ್ಯ ನೇರ ನಮ್ಮನ್ನೇ ನೋಡುತ್ತಾ ನಿಂತಿದ್ದ. ಪಕ್ಕದಲ್ಲಿ ಕೈಬರಹದ ದೊಡ್ಡ ಅಕ್ಷರ. ಕಾಗುಣಿತ ಸ್ವಲ್ಪ ಆಚೀಚೆ, ಆದರೆ ಏನು ಹೇಳಬೇಕೋ ಅದನ್ನು ಹೇಳುತ್ತಿತ್ತು.

ಅವಳ ಪ್ರಶ್ನೆ ಎಷ್ಟು ಸರಿಯಾಗಿತ್ತು ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಬೋರ್ಡ್ ಹಾಕುವುದು ದಾರಿಯಲ್ಲಿ ಹೋಗುವವರಿಗೆ ಕಾಣಲಿ ಅಂತ ತಾನೇ? ಈ ಚಿತ್ರಗಳೂ ಹಾಗೇ ಇದ್ದವು. ಒಂದು ದ್ವೀಪದ ರಸ್ತೆ ಬದಿಯ ಅಂಗಳದಲ್ಲಿ, ಬಿಸಿಲಿಗೆ, ಮಳೆಗೆ, ಉಪ್ಪು ಗಾಳಿಗೆ ಮೈಯೊಡ್ಡಿ, ಹೋಗಿಬರುವವರನ್ನು ನೋಡುತ್ತಾ ನಿಂತಿದ್ದವು. ಬರೆದವರು ಸ್ಯಾಮ್ ಡಾಯ್ಲ್. ಅವತ್ತಿನಿಂದ ಈ ಮನುಷ್ಯ ನನ್ನ ತಲೆ ಬಿಟ್ಟು ಹೋಗಿಲ್ಲ. ಸಿಕ್ಕಿದ್ದನ್ನೆಲ್ಲಾ ಓದಿದೆ, ಕೊನೆಗೆ ಕಾರು ಹತ್ತಿ ಅವರ ದ್ವೀಪಕ್ಕೇ ಹೋಗಿಬಂದೆ. ಅದನ್ನೆಲ್ಲಾ ಇಲ್ಲಿ ಬರೆದಿಡೋಣ ಅಂತ ಕೂತಿದ್ದೇನೆ.

ಡಾಯ್ಲ್ ಹುಟ್ಟಿದ್ದು 1906ರಲ್ಲಿ, ಸೌತ್ ಕ್ಯಾರೊಲೈನಾದ ಸೇಂಟ್ ಹೆಲೆನಾ ದ್ವೀಪದಲ್ಲಿ. ನಕ್ಷೆಯಲ್ಲಿ ಹುಡುಕುವುದಾದರೆ, ಆ ರಾಜ್ಯದ ದಕ್ಷಿಣ ತುದಿಯಲ್ಲಿ ಕರಾವಳಿ ಹರಿದ ಬಟ್ಟೆಯ ಅಂಚಿನ ಹಾಗೆ ಚೂರುಚೂರಾಗಿರುವ ಕಡೆ ನೋಡಿ. ಅಲ್ಲಿ ಬ್ಯೂಫರ್ಟ್ ಅನ್ನುವ ಪಟ್ಟಣ ಇದೆ. (ನಾರ್ತ್ ಕ್ಯಾರೊಲೈನಾದಲ್ಲೂ ಇದೇ ಸ್ಪೆಲ್ಲಿಂಗ್‌ನ ಊರಿದೆ, ಅದನ್ನು ಬೋಫರ್ಟ್ ಅನ್ನುತ್ತಾರೆ. ಇಲ್ಲಿ ಬೋಫರ್ಟ್ ಅಂದರೆ ತಕ್ಷಣ ತಿದ್ದುತ್ತಾರೆ.) ಆ ಪಟ್ಟಣದ ಆಚೆ ಲೇಡೀಸ್ ಐಲ್ಯಾಂಡ್, ಅದರಾಚೆ ಸೇಂಟ್ ಹೆಲೆನಾ. ಮಧ್ಯೆ ಎಲ್ಲಾ ಕಡೆ ಉಪ್ಪು ನೀರಿನ ತೋಡುಗಳು, ಜೌಗು, ಹುಲ್ಲು. ಬ್ಯೂಫರ್ಟ್‌ನಿಂದ ಲೇಡೀಸ್ ಐಲ್ಯಾಂಡ್‌ಗೆ ಸೇತುವೆ ಬಂದಿದ್ದು 1927ರಲ್ಲಿ. ಅಂದರೆ ಡಾಯ್ಲ್ ಇಪ್ಪತ್ತರ ಹುಡುಗ ಆಗುವವರೆಗೂ ಪಟ್ಟಣಕ್ಕೆ ಹೋಗಬೇಕೆಂದರೆ ದೋಣಿಯೇ ಗತಿ.

ಈ ಸೇತುವೆ ಇಲ್ಲದ ಕಾಲ ತುಂಬಾ ಮುಖ್ಯ. ಯಾಕೆ ಅಂತ ಹೇಳುತ್ತೇನೆ.

ಈ ದ್ವೀಪಗಳಲ್ಲಿ ಇರುವವರು ಗುಲ್ಲಾ ಜನ. ಜಾರ್ಜಿಯಾ ಕಡೆ ಗೀಚಿ ಅಂತಲೂ ಕರೆಯುತ್ತಾರೆ. ಇವರ ಹಿರಿಯರನ್ನು ಪಶ್ಚಿಮ ಆಫ್ರಿಕಾದಿಂದ, ಅದರಲ್ಲೂ ಸಿಯೆರಾ ಲಿಯೋನ್, ಸೆನೆಗಲ್, ಗ್ಯಾಂಬಿಯಾ ಕಡೆಯಿಂದ, ಇನ್ನೂ ದಕ್ಷಿಣಕ್ಕೆ ಅಂಗೋಲಾದಿಂದ ಹಿಡಿದು ತಂದು ಇಲ್ಲಿ ಗುಲಾಮರನ್ನಾಗಿ ಮಾರಿದ್ದರು. ಭತ್ತ ಬೆಳೆಯಲು ಬಲ್ಲವರು ಬೇಕು ಅಂತಲೇ ಭತ್ತದ ನಾಡಿನವರನ್ನು ಹುಡುಕಿ ತಂದಿದ್ದೂ ಉಂಟು. ಗದ್ದೆಗೆ ನೀರು ಬಿಡುವುದು, ಕಟ್ಟುವುದು, ಭತ್ತ ಕುಟ್ಟುವುದು, ಕೇರುವುದು, ಈ ವಿದ್ಯೆಯೆಲ್ಲಾ ಅವರ ಜೊತೆಗೇ ಸಮುದ್ರ ದಾಟಿ ಬಂತು. ಸೊಳ್ಳೆ, ಮಲೇರಿಯಾ ಅಂತ ಹೆದರಿ ಬಿಳಿಯ ಮಾಲೀಕರು ಬೇಸಿಗೆ ಪೂರ್ತಿ ದ್ವೀಪ ಬಿಟ್ಟು ಹೋಗುತ್ತಿದ್ದರು. ದ್ವೀಪದಲ್ಲಿ ಉಳಿಯುತ್ತಿದ್ದವರು ಹೆಚ್ಚಿನಂಶ ಇವರೇ. ಹೊರಗಿನವರು ಸುಲಭವಾಗಿ ದಾಟಿ ಬರಲು ಸೇತುವೆಯೂ ಇರಲಿಲ್ಲ. ಹಾಗಾಗಿ ಅವರ ಮಾತು, ಅಡುಗೆ, ಬಲೆ ಹೆಣೆಯುವ ರೀತಿ, ಬುಟ್ಟಿ ಕಟ್ಟುವ ರೀತಿ, ಸತ್ತವರ ಬಗ್ಗೆ ಇರುವ ನಂಬಿಕೆ, ಎಲ್ಲಾ ಬೇರೆ ಕಡೆಗಿಂತ ಜಾಸ್ತಿ ಉಳಿಯಿತು. ಗುಲ್ಲಾ ಮಾತನ್ನು ಬಹಳ ಕಾಲ "ಕೆಟ್ಟ ಇಂಗ್ಲಿಷ್" ಅಂತ ಬೈದು ಮೂಲೆಗೆ ತಳ್ಳಿದ್ದರು. ಲೊರೆಂಜೊ ಡೌ ಟರ್ನರ್ ಅನ್ನುವ ಕಪ್ಪು ಭಾಷಾವಿಜ್ಞಾನಿ ವರ್ಷಗಟ್ಟಲೆ ಈ ಮನೆಮನೆಗೆ ಹೋಗಿ, ಅವರ ಮಾತು ಧ್ವನಿಮುದ್ರಿಸಿಕೊಂಡು, ಅದರಲ್ಲಿರುವ ಆಫ್ರಿಕಾದ ಪದಗಳನ್ನು ಸಾವಿರಗಟ್ಟಲೆ ಪಟ್ಟಿ ಮಾಡಿ 1949ರಲ್ಲಿ ಪ್ರಕಟಿಸಿದರು. ಆಮೇಲೆ ವಿದ್ವಾಂಸರ ಬಾಯಿ ಮುಚ್ಚಿತು. ನನಗೆ ತುಂಬಾ ಇಷ್ಟವಾದ ಗುಲ್ಲಾ ಪದ "ಡೇಕ್ಲೀನ್". ಬೆಳಗಿನ ಜಾವಕ್ಕೆ ಹಾಗನ್ನುತ್ತಾರೆ. ರಾತ್ರಿ ಕಳೆದು ದಿನ ತೊಳೆದಿಟ್ಟ ಹಾಗೆ ಶುಭ್ರವಾಗಿದೆ ಅಂತ. ಎಷ್ಟು ಚೆನ್ನಾಗಿದೆ ಅಲ್ವಾ?

ಸೇಂಟ್ ಹೆಲೆನಾಗೆ ಇನ್ನೊಂದು ವಿಶೇಷ ಇದೆ. ಅಮೆರಿಕದ ಅಂತರ್ಯುದ್ಧ ಶುರುವಾದ ವರ್ಷವೇ, 1861ರ ನವೆಂಬರ್ 7ರಂದು, ಉತ್ತರದವರ ನೌಕಾಪಡೆ ಈ ದ್ವೀಪಗಳ ಪಕ್ಕದ ಪೋರ್ಟ್ ರಾಯಲ್ ಕೊಲ್ಲಿಯನ್ನು ಹಿಡಿಯಿತು. ಮಾಲೀಕರು ಮನೆ, ಹತ್ತಿ ಹೊಲ, ಎಲ್ಲಾ ಬಿಟ್ಟು ಓಡಿದರು. ಸುತ್ತಲಿನ ದ್ವೀಪಗಳಲ್ಲಿ ಸುಮಾರು 10,000 ಗುಲಾಮರು ಹಿಂದೆ ಉಳಿದರು. ದೇಶದ ಉಳಿದ ಗುಲಾಮರು ಇನ್ನೂ ಸಂಕೋಲೆಯಲ್ಲಿದ್ದಾಗ ಇವರು ಶಾಲೆಗೆ ಹೋಗುತ್ತಿದ್ದರು. 1862ರಲ್ಲಿ ಲಾರಾ ಟೌನ್, ಎಲೆನ್ ಮರ್ರಿ ಅನ್ನುವ ಇಬ್ಬರು ಹೆಂಗಸರು ಇಲ್ಲಿ ಪೆನ್ ಸ್ಕೂಲ್ ಶುರು ಮಾಡಿದರು. ತೆರಿಗೆ ಕಟ್ಟದೆ ಓಡಿಹೋದವರ ಜಮೀನನ್ನು ಸರ್ಕಾರ ಮಾರಿದಾಗ, ಅದರಲ್ಲಿ ಒಂದಷ್ಟನ್ನು ಈ ಜನರೇ ದುಡ್ಡು ಕೂಡಿಸಿ ಕೊಂಡರು. ತಾವು ಗುಲಾಮರಾಗಿ ದುಡಿದ ನೆಲವನ್ನೇ!

ಡಾಯ್ಲ್ ಹುಟ್ಟಿದ್ದು ಇಂಥ ಊರಲ್ಲಿ. ಸ್ವಂತ ಜಮೀನಿರುವ, ಸ್ವಂತ ಶಾಲೆಯಿರುವ, ತಮ್ಮದೇ ಮಾತಿರುವ ಜನರ ನಡುವೆ. ಅವರ ಚಿತ್ರಗಳಲ್ಲಿ ನಿಂತಿರುವ ಜನರ ಬೆನ್ನು ಅಷ್ಟು ನೆಟ್ಟಗಿರುವುದಕ್ಕೆ ಇದೇ ಕಾರಣ ಅಂತ ನನ್ನ ನಂಬಿಕೆ.

ಡಾಯ್ಲ್ ಓದಿದ್ದೂ ಪೆನ್ ಸ್ಕೂಲ್‌ನಲ್ಲೇ, ಒಂಬತ್ತನೇ ತರಗತಿವರೆಗೆ. ಚಿತ್ರ ಬರೆಯುವುದರಲ್ಲಿ ಕೈ ಚೆನ್ನಾಗಿದೆ, ನ್ಯೂಯಾರ್ಕ್‌ಗೆ ಹೋಗಿ ಕಲಿ ಅಂತ ಅಲ್ಲಿನ ಒಬ್ಬ ಟೀಚರ್ ಹೇಳಿದ್ದರಂತೆ. ಹೋಗಲು ಆಗಲಿಲ್ಲ. ಅಂಗಡಿಯಲ್ಲಿ ಗುಮಾಸ್ತನಾದರು, ಬ್ಯೂಫರ್ಟ್‌ನ ಸಗಟು ಮಳಿಗೆಯೊಂದರಲ್ಲಿ ಹಮಾಲಿ ಕೆಲಸ ಮಾಡಿದರು, ಆಮೇಲೆ ಪ್ಯಾರಿಸ್ ಐಲ್ಯಾಂಡ್‌ನ ಮರೀನ್ ಸೈನಿಕ ತರಬೇತಿ ಕೇಂದ್ರದ ಲಾಂಡ್ರಿಯಲ್ಲಿ ವರ್ಷಗಟ್ಟಲೆ ದುಡಿದರು. 1932ರಲ್ಲಿ ಮದುವೆ, ಮೂರು ಮಕ್ಕಳು. ಮುಂದೆ ಹೆಂಡತಿ ಮಕ್ಕಳು ನ್ಯೂಯಾರ್ಕ್‌ಗೆ ಹೊರಟುಹೋದರು. ಇವರು ದ್ವೀಪ ಬಿಡಲಿಲ್ಲ. ಚಿಕ್ಕಂದಿನಲ್ಲಿ ಹೋಗಲಾಗದ ನ್ಯೂಯಾರ್ಕ್ ಎರಡನೇ ಸಲ ಕರೆದಾಗಲೂ ಹೋಗಲಿಲ್ಲ. ಒಂಟಿ ಮನೆ. 1940ರ ದಶಕದಲ್ಲಿ ಬಣ್ಣ ಹಿಡಿದರು, ಕೆಲಸದಿಂದ ನಿವೃತ್ತರಾದ ಮೇಲೆ ಪೂರ್ತಿ ಅದೇ ಆಯಿತು.

ಕ್ಯಾನ್ವಾಸ್ ಇಲ್ಲ. ಮಾಡಿನ ತಗಡು, ಪ್ಲೈವುಡ್, ಎಸೆದ ಹಲಗೆ. ಬಣ್ಣ ಅಂದರೆ ಮನೆಗೆ ಬಳಿಯುವ ಪೇಂಟ್. ಬಡತನಕ್ಕೆ ಹಾಗೆ ಮಾಡಿದರು ಅಂತ ಸುಲಭವಾಗಿ ಹೇಳಿಬಿಡಬಹುದು. ಆದರೆ ಒಂದು ಸಲ ಆ ದ್ವೀಪಕ್ಕೆ ಹೋಗಿ ನೋಡಿದರೆ ಬೇರೆ ಏನೋ ಹೊಳೆಯುತ್ತದೆ. ಅಲ್ಲಿನ ಹಳೆ ಮನೆಗಳಿಗೆಲ್ಲಾ ತಗಡಿನ ಮಾಡು. ಉಪ್ಪು ಗಾಳಿಗೆ ಅದು ತುಕ್ಕು ಹಿಡಿಯುತ್ತದೆ, ಚಂಡಮಾರುತಕ್ಕೆ ಕಿತ್ತು ಹಾರುತ್ತದೆ, ಹೊಸದು ಹೊದಿಸಿದಾಗ ಹಳೆಯದು ಹಿತ್ತಲಲ್ಲಿ ಬೀಳುತ್ತದೆ. ಒಂದು ಕಾಲಕ್ಕೆ ಯಾರದೋ ತಲೆ ಮೇಲೆ ಮಳೆ ತಡೆದ ತಗಡು ಅದು. ಅದರ ಮೇಲೆ ಅದೇ ಊರಿನವರ ಮುಖ. ಅಲೆ ಅಲೆಯಾಗಿರುವ ತಗಡಾದರೆ ಮುಖ ಒಂದು ಏರು ಒಂದು ತಗ್ಗಿನಲ್ಲಿ ಬರುತ್ತದೆ, ಬೆಳಕು ಬಿದ್ದ ಕಡೆ ಬದಲಾಗುತ್ತದೆ, ನೀವು ನಡೆದರೆ ಅದೂ ಅಲ್ಲಾಡಿದ ಹಾಗೆ ಆಗುತ್ತದೆ. ಮ್ಯೂಸಿಯಂನಲ್ಲಿ ನಾನು ಸುಮ್ನೆ ಎಡಕ್ಕೂ ಬಲಕ್ಕೂ ನಾಲ್ಕು ಸಲ ನಡೆದು ನೋಡಿದೆ.

ಬರೆದದ್ದನ್ನೆಲ್ಲಾ ಮನೆ ಅಂಗಳದಲ್ಲಿ ನಿಲ್ಲಿಸಿದರು, ಮರಕ್ಕೆ ಒರಗಿಸಿದರು, ಗೋಡೆಗೆ ಹೊಡೆದರು. ಅದಕ್ಕೆ "ನೇಷನ್‌ವೈಡ್ ಔಟ್‌ಡೋರ್ ಆರ್ಟ್ ಗ್ಯಾಲರಿ" ಅಂತ ಹೆಸರಿಟ್ಟರು. ದೇಶದ ಮೂಲೆಮೂಲೆಯಿಂದ ಜನ ಬಂದು ನೋಡುವ ಜಾಗ ಇದು ಅಂತ ಅವರ ಭಾವನೆ. ಬಂದವರಿಗೆ ಒಂದೊಂದು ಚಿತ್ರದ ಮುಂದೆ ನಿಂತು ಇವರು ಯಾರು, ಏನು ಮಾಡಿದರು ಅಂತ ಕಥೆ ಹೇಳುತ್ತಿದ್ದರು.

ಇಲ್ಲಿ ಒಂದು ವಿಷಯ ನನ್ನನ್ನು ಹಿಡಿದು ನಿಲ್ಲಿಸಿತು. ಯಾರಾದರೂ ಒಂದು ಚಿತ್ರ ಕೊಂಡುಹೋದರೆ ಡಾಯ್ಲ್ ಅದೇ ವ್ಯಕ್ತಿಯನ್ನು ಇನ್ನೊಂದು ತಗಡಿನ ಮೇಲೆ ಮತ್ತೆ ಬರೆದು ಆ ಜಾಗ ತುಂಬುತ್ತಿದ್ದರು. ಹಾಗಾಗಿ ಒಬ್ಬರದೇ ಐದಾರು ಚಿತ್ರಗಳು ಬೇರೆ ಬೇರೆ ಕಡೆ ಇವೆ. ಕಲೆ ಮಾರುವವರ ಲೆಕ್ಕದಲ್ಲಿ ಇದು ತಪ್ಪು, ಒಂದೇ ಒಂದು ಇದ್ದರೆ ತಾನೇ ಬೆಲೆ. ಡಾಯ್ಲ್ ಲೆಕ್ಕವೇ ಬೇರೆ. ಅಂಗಳದಲ್ಲಿ ನಿಂತಿದ್ದ ಒಬ್ಬರು ಹೊರಟುಹೋದರು, ಅವರ ಜಾಗ ಖಾಲಿ ಬಿಡಬಾರದು. ಒಂದು ಊರಿನ ಹಾಜರಿ ಪುಸ್ತಕ ಅದು. ಹೆಸರು ಅಳಿಸಿದರೆ ಮತ್ತೆ ಬರೆಯಲೇಬೇಕು.

ಆ ಪುಸ್ತಕದಲ್ಲಿ ಯಾರ್ಯಾರು ಇದ್ದಾರೆ ಅಂತ ನೋಡಿದರೆ ಡಾಯ್ಲ್ ಮನಸ್ಸು ಅರ್ಥವಾಗುತ್ತದೆ. ಅವರಿಗೆ "ಮೊದಲಿಗರು" ಅಂದರೆ ತುಂಬಾ ಅಕ್ಕರೆ. ದ್ವೀಪದ ಮೊದಲ ಕಪ್ಪು ಸೂಲಗಿತ್ತಿ. ಮೊದಲ ಕಪ್ಪು ಡಾಕ್ಟರ್. ಶಾಲೆ ಕಟ್ಟಿದ ಲಾರಾ ಟೌನ್, ಎಲೆನ್ ಮರ್ರಿ. ದ್ವೀಪದ ಹೊರಗಿನವರೂ ಇದ್ದಾರೆ. ಬಾಕ್ಸರ್ ಜೋ ಲೂಯಿಸ್, ಬೇಸ್‌ಬಾಲ್‌ನ ಜಾಕಿ ರಾಬಿನ್ಸನ್, ಹಾಡುಗಾರ ರೇ ಚಾರ್ಲ್ಸ್, ಮಾರ್ಟಿನ್ ಲೂಥರ್ ಕಿಂಗ್. ಇವರೆಲ್ಲಾ ಸೂಲಗಿತ್ತಿಯ ಪಕ್ಕದಲ್ಲೇ, ಅದೇ ಅಳತೆಯಲ್ಲಿ, ಅದೇ ಪೇಂಟ್‌ನಲ್ಲಿ. ದೇಶಕ್ಕೆಲ್ಲಾ ಗೊತ್ತಿರುವ ಹೀರೋಗೂ ಪಕ್ಕದ ಮನೆಯ ಅಜ್ಜಿಗೂ ಒಂದೇ ಸೈಜಿನ ತಗಡು!

ಡಾಕ್ಟರ್ ವಿಷಯ ಸ್ವಲ್ಪ ಹೇಳಲೇಬೇಕು. ಯಾರ್ಕ್ ಬೇಲಿ ಅಂತ ಅವರ ಹೆಸರು. ದ್ವೀಪದ ಹುಡುಗ, ಪೆನ್ ಸ್ಕೂಲ್‌ನಲ್ಲಿ ಓದಿ, ಹೊರಗೆ ಹೋಗಿ ಡಾಕ್ಟರಾಗಿ, ಮತ್ತೆ ದ್ವೀಪಕ್ಕೇ ಬಂದವರು. ಅವರು ವಾಪಸ್ ಬಂದಿದ್ದೂ ಡಾಯ್ಲ್ ಹುಟ್ಟಿದ 1906ರಲ್ಲೇ. ಜನರ ಹತ್ತಿರ ದುಡ್ಡಿಲ್ಲ, ಹಾಗಾಗಿ ಫೀಸಿನ ಬದಲು ಕೋಳಿ, ಹಂದಿ, ತರಕಾರಿ ಕೊಡುತ್ತಿದ್ದರು. ಅದನ್ನು ದೋಣಿಯಲ್ಲಿ ಬ್ಯೂಫರ್ಟ್ ಸಂತೆಗೆ ಒಯ್ದು ಮಾರಿ ದುಡ್ಡು ಮಾಡಿಕೊಳ್ಳುತ್ತಿದ್ದರಂತೆ. 1915ರ ಸುಮಾರಿಗೆ ಮನೆ ಕಟ್ಟಿಸಿದಾಗ ಕ್ಯಾಟಲಾಗ್ ನೋಡಿ ಇಡೀ ಮನೆಯ ಬಿಡಿಭಾಗಗಳನ್ನು ಅಂಚೆಯಲ್ಲಿ ಆರ್ಡರ್ ಮಾಡಿದರು. ಅದು ಬ್ಯೂಫರ್ಟ್‌ಗೆ ಬಂತು, ಅಲ್ಲಿಂದ ದೋಣಿಯಲ್ಲಿ ದ್ವೀಪಕ್ಕೆ ಬಂತು. ಮರದ ಹಲಗೆ, ಕಿಟಕಿ, ಬಾಗಿಲು ತುಂಬಿದ ದೋಣಿ ತೋಡಿನಲ್ಲಿ ಬರುತ್ತಿರುವುದನ್ನು ಆಗ ಒಂಬತ್ತು ವರ್ಷದ ಹುಡುಗನಾಗಿದ್ದ ಡಾಯ್ಲ್ ನೋಡಿರಬಹುದಾ ಅಂತ ನಾನು ಯೋಚಿಸುತ್ತಿರುತ್ತೇನೆ.

ಡಾಕ್ಟರ್ ಬೇಲಿ ಇದ್ದ ಅದೇ ದ್ವೀಪದಲ್ಲಿ ಇನ್ನೊಬ್ಬ ಡಾಕ್ಟರ್ ಇದ್ದರು, ಡಾಕ್ಟರ್ ಬಝರ್ಡ್. ನಿಜವಾದ ಹೆಸರು ಸ್ಟೆಫನಿ ರಾಬಿನ್ಸನ್. ಗಂಡಸೇ. ಇವರು ಬೇರು ಕಟ್ಟುವ ಡಾಕ್ಟರ್. ಬೇರು, ಸಮಾಧಿಯ ಮಣ್ಣು, ಪುಡಿ, ಮಂತ್ರ ಇದರಲ್ಲೆಲ್ಲಾ ಪಳಗಿದವರು, ಬಣ್ಣದ ಕನ್ನಡಕ ಹಾಕುತ್ತಿದ್ದರು. ಕೋರ್ಟ್ ಕೇಸಿದ್ದವರು ಇವರನ್ನು ಕರೆಸುತ್ತಿದ್ದರು. ಇವರು ಬಂದು ಕೋರ್ಟಿನಲ್ಲಿ ಕೂತು ಬೇರು ಅಗಿಯುತ್ತಿದ್ದರೆ ತೀರ್ಪು ತಮ್ಮ ಕಡೆ ಆಗುತ್ತದೆ ಅಂತ ನಂಬಿಕೆ. ಆ ಕಾಲದ ಬ್ಯೂಫರ್ಟ್‌ನ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್ ಮ್ಯಾಕ್‌ಟೀರ್‌ಗೂ ಇವರಿಗೂ ವರ್ಷಗಟ್ಟಲೆ ಜಟಾಪಟಿ. ಎರಡನೇ ಮಹಾಯುದ್ಧದ ಹೊತ್ತಿಗೆ ಸೈನ್ಯಕ್ಕೆ ಸೇರಲು ಕರೆ ಬಂದ ಹುಡುಗರು ಯಾವುದೋ ಕಷಾಯ ಕುಡಿದು ವೈದ್ಯಕೀಯ ಪರೀಕ್ಷೆಯಲ್ಲಿ ಫೇಲ್ ಆಗುತ್ತಿದ್ದರು. ಅದರ ಬೆನ್ನು ಹತ್ತಿದ ಶೆರಿಫ್‌ಗೆ ಸಿಕ್ಕಿದ್ದು ಈ ಬೇರು ಕಟ್ಟುವವರ ಜಾಡು. ವಿಚಿತ್ರ ಅಂದರೆ ಆ ಬಿಳಿಯ ಶೆರಿಫ್ ಕೂಡ ತಾನೂ ಬೇರಿನ ವಿದ್ಯೆ ಬಲ್ಲವನು ಅಂತಲೇ ಹೇಳಿಕೊಳ್ಳುತ್ತಿದ್ದರು. ಕೊನೆಗೆ ಇಬ್ಬರೂ ಸ್ನೇಹಿತರಾದರು ಅನ್ನುತ್ತಾರೆ.

ಡಾಯ್ಲ್ ಇಬ್ಬರು ಡಾಕ್ಟರರನ್ನೂ ಬರೆದರು. ಒಬ್ಬರನ್ನು ಒಳ್ಳೆಯವರ ಸಾಲಿನಲ್ಲಿ, ಇನ್ನೊಬ್ಬರನ್ನು ಕೆಟ್ಟವರ ಸಾಲಿನಲ್ಲಿ ನಿಲ್ಲಿಸಲಿಲ್ಲ. ಊರಿನವರಿಗೆ ಜ್ವರ ಬಂದರೆ ಒಬ್ಬರು ಬೇಕಿತ್ತು, ಗಾಳಿ ಸೋಕಿದರೆ ಇನ್ನೊಬ್ಬರು ಬೇಕಿತ್ತು. ಎರಡು ಬಾಗಿಲಿಗೂ ಅದೇ ಜನ ಹೋಗುತ್ತಿದ್ದರು. ಕಾಯಿಲೆಗೆ ಆಸ್ಪತ್ರೆಗೂ ಹೋಗಿ, ತಾಯತವನ್ನೂ ಕಟ್ಟಿಸಿಕೊಂಡು ಬರುವವರ ನಡುವೆ ಬೆಳೆದ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ.

ಗಾಳಿ ಅಂದೆನಲ್ಲಾ, ಅವೂ ಡಾಯ್ಲ್ ಅಂಗಳದಲ್ಲಿ ಇದ್ದವು. ಗುಲ್ಲಾ ಜನ "ಹೇಂಟ್" ಅನ್ನುತ್ತಾರೆ, ಸತ್ತ ಮೇಲೂ ತಿರುಗುವ ಆತ್ಮಗಳಿಗೆ. "ಹ್ಯಾಗ್" ಅಂದರೆ ರಾತ್ರಿ ಬಂದು ಎದೆ ಮೇಲೆ ಕೂತು ಉಸಿರು ಕಟ್ಟಿಸುವವಳು. ಇವು ಮನೆಯೊಳಗೆ ಬರಬಾರದು ಅಂತ ಕಿಟಕಿ ಬಾಗಿಲಿನ ಚೌಕಟ್ಟಿಗೆ ತಿಳಿನೀಲಿ ಬಣ್ಣ ಬಳಿಯುತ್ತಾರೆ. ಈಗಲೂ ದ್ವೀಪದಲ್ಲಿ ಆ ನೀಲಿ ಕಾಣುತ್ತದೆ. ಡಾಯ್ಲ್ ಬರೆದ ಒಂದು ಆತ್ಮದ ಹೆಸರು "ಹೂಪಿಂಗ್ ಬಾಯ್", ಕೂಗುವ ಹುಡುಗ. ಮಾಲೀಕನೊಬ್ಬ ನಿಧಿ ಹೂತಿಟ್ಟು, ಅದನ್ನು ಕಾಯಲಿ ಅಂತ ಗುಲಾಮ ಹುಡುಗನ ತಲೆ ಕಡಿದು ಅಲ್ಲೇ ಹೂತನಂತೆ. ರಾತ್ರಿ ಆ ಹುಡುಗ ಕೂಗುತ್ತಾನಂತೆ. ನಿಧಿ ಕಾಯಲು ಬಲಿ ಕೊಟ್ಟ ಕಥೆ ನಾವೂ ಕೇಳಿದ್ದೇವೆ. ಆದರೆ ಇಲ್ಲಿ ಆ ಕಥೆಯ ಒಳಗೆ ನಿಜವಾದ ಇತಿಹಾಸ ಇದೆ. ಬದುಕಿದ್ದಾಗ ಮಾಲೀಕನ ಆಸ್ತಿ, ಸತ್ತ ಮೇಲೂ ಮಾಲೀಕನ ಆಸ್ತಿಗೇ ಕಾವಲು. ಇದಕ್ಕಿಂತ ನೇರವಾಗಿ ಗುಲಾಮಗಿರಿಯನ್ನು ಹೇಳಿದ ಚಿತ್ರ ನಾನು ನೋಡಿಲ್ಲ.

ಇನ್ನೊಂದು ಚಿತ್ರದಲ್ಲಿ ಅಬ್ರಹಾಂ ಲಿಂಕನ್ ದ್ವೀಪದ ಫ್ರಾಗ್ಮೋರ್‌ನಲ್ಲಿದ್ದಾರೆ. ಲಿಂಕನ್ ಇಲ್ಲಿಗೆ ಬಂದು ಓಕ್ ಮರದಡಿ ಮಾತಾಡಿದ್ದರು ಅಂತ ದ್ವೀಪದಲ್ಲಿ ಒಂದು ಮಾತಿದೆ. ಇತಿಹಾಸದ ದಾಖಲೆಯಲ್ಲಿ ಅದು ಇಲ್ಲ. ಡಾಯ್ಲ್ ಬರೆದರು. ಅದನ್ನು ತಪ್ಪು ಅಂತ ಬದಿಗಿಡಲು ನನಗೆ ಮನಸ್ಸಿಲ್ಲ. ಬಿಡುಗಡೆಯ ಸುದ್ದಿ ದೂರದ ವಾಷಿಂಗ್ಟನ್‌ನಿಂದ ಕಾಗದದಲ್ಲಿ ಬಂತು ಅನ್ನುವುದಕ್ಕಿಂತ, ಅವರೇ ಬಂದು ನಮ್ಮ ಮರದ ಕೆಳಗೆ ನಿಂತು ಹೇಳಿದರು ಅಂತ ಒಂದು ಊರು ನೆನಪಿಟ್ಟುಕೊಂಡಿದೆ ಅಂದರೆ, ಆ ಮಾತು ಅವರಿಗೆ ಎಷ್ಟು ಹತ್ತಿರದ್ದಾಗಿತ್ತು ಅಂತ ಗೊತ್ತಾಗುತ್ತದೆ.

ಹೋದ ವಸಂತದಲ್ಲಿ ನಾನೂ ಮಗಳೂ ಹೊರಟೆವು. ಅಟ್ಲಾಂಟಾದಿಂದ ನಾಲ್ಕೂವರೆ ಗಂಟೆಯ ದಾರಿ. ಬ್ಯೂಫರ್ಟ್ ದಾಟಿ ಸೇತುವೆ ಹತ್ತುವಾಗ ಇಳಿತದ ಹೊತ್ತು. ಇಲ್ಲಿ ಉಬ್ಬರಕ್ಕೂ ಇಳಿತಕ್ಕೂ 7-8 ಅಡಿ ವ್ಯತ್ಯಾಸ, ಹಾಗಾಗಿ ನೀರು ಇಳಿದಾಗ ಜೌಗಿನ ಹೊಟ್ಟೆಯೆಲ್ಲಾ ಬಯಲಾಗುತ್ತದೆ. ಕಪ್ಪು ಕೆಸರು, ಅದರಲ್ಲಿ ಗೊಂಚಲು ಗೊಂಚಲು ಸಿಂಪಿ, ಓಡಾಡುವ ಪುಟ್ಟ ಏಡಿಗಳು. ಕೆಸರಿನ ವಾಸನೆ ಕಾರಿನ ಕಿಟಕಿಯಿಂದ ಒಳಗೆ ಬಂತು. ಕೊಳೆತ ಮೊಟ್ಟೆ, ಉಪ್ಪು, ಹುಲ್ಲು ಸೇರಿದ ವಾಸನೆ. ಮಗಳು ಮೂಗು ಮುಚ್ಚಿಕೊಂಡಳು. ದ್ವೀಪ ಬಿಟ್ಟುಹೋದವರಿಗೆ ಮಾತ್ರ ಈ ವಾಸನೆ ಅಂದರೆ ಮನೆ. ಸ್ವಲ್ಪ ಮುಂದೆ ಒಬ್ಬರು ತೋಡಿನ ದಡದಲ್ಲಿ ನಿಂತು ಬೀಸುಬಲೆ ಎಸೆಯುತ್ತಿದ್ದರು. ಬಲೆ ಗಾಳಿಯಲ್ಲಿ ದುಂಡಗೆ ಬಿಚ್ಚಿಕೊಂಡು ನೀರಿಗೆ ಬಿತ್ತು. ಈ ಬಲೆಗಳನ್ನು ಗುಲ್ಲಾ ಗಂಡಸರು ಕೈಯಲ್ಲೇ ಹೆಣೆಯುತ್ತಿದ್ದರು. ಹಿಂದೆ ದ್ವೀಪದ ಪ್ರತಿ ಮನೆಗೂ ಹೊಲವೂ ಬೇಕು, ತೋಡೂ ಬೇಕು. ಬೆಳಿಗ್ಗೆ ಗೆಣಸು, ಸಂಜೆ ಸಿಗಡಿ.

ಡಾಯ್ಲ್ ಚಿತ್ರಗಳಲ್ಲಿ ಸಮುದ್ರದ ದೃಶ್ಯ ಹುಡುಕಿದರೆ ಅಷ್ಟಾಗಿ ಸಿಗುವುದಿಲ್ಲ. ಸೂರ್ಯಾಸ್ತ, ದೋಣಿ, ತೆಂಗಿನಂಥ ಮರ ಎಲ್ಲಾ ಪ್ರವಾಸಿಗರು ಕೊಳ್ಳುವ ಚಿತ್ರಗಳಲ್ಲಿ ಇರುತ್ತವೆ. ಡಾಯ್ಲ್ ಕರಾವಳಿ ಇರುವುದು ತಗಡಿನ ತುಕ್ಕಿನಲ್ಲಿ, ಮತ್ತೆ ಅಲ್ಲಿ ನಿಂತ ಜನರಲ್ಲಿ.

ಬೆಳಕು, ಗಾಳಿ, ನೀರು ಎಲ್ಲಾ ಬೇಕು ಅನ್ನುವವರಿಗೆ ಇನ್ನೊಬ್ಬ ಕಲಾವಿದರಿದ್ದಾರೆ, ಜೊನಾಥನ್ ಗ್ರೀನ್. 1955ರಲ್ಲಿ ಇದೇ ಬ್ಯೂಫರ್ಟ್ ಕಡೆಯ ಗಾರ್ಡನ್ಸ್ ಕಾರ್ನರ್‌ನಲ್ಲಿ ಹುಟ್ಟಿ, ಅಜ್ಜಿಯ ಮಡಿಲಲ್ಲಿ ಬೆಳೆದು, ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನ ಕಲಾಶಾಲೆಯಲ್ಲಿ ಕಲಿತವರು. ಹಗ್ಗದ ಮೇಲೆ ಹಾರುವ ಬಿಳಿ ದುಪ್ಪಟಿಗಳು, ಟೋಪಿ ಹಾಕಿದ ಹೆಂಗಸರು, ಗಾಳಿಗೆ ಉಬ್ಬಿದ ಲಂಗ. ತುಂಬಾ ಚಂದ. ಆದರೆ ಗ್ರೀನ್ ಚಿತ್ರಗಳಲ್ಲಿ ಎಷ್ಟೋ ಸಲ ಮುಖಕ್ಕೆ ಕಣ್ಣು ಮೂಗು ಇರುವುದಿಲ್ಲ, ಅವರು ಎಲ್ಲರ ಅಜ್ಜಿಯೂ ಆಗಬಹುದು. ಡಾಯ್ಲ್ ತಗಡಿನ ಮೇಲೆ ನಿಂತವರು ಇಂಥವರೇ ಅಂತ ಹೆಸರಿದೆ. ನನಗೆ ಇಬ್ಬರೂ ಬೇಕು, ಆದರೆ ನಿದ್ದೆ ಕೆಡಿಸುವವರು ಡಾಯ್ಲ್.

1982ರಲ್ಲಿ ವಾಷಿಂಗ್ಟನ್‌ನ ಕೊರ್ಕರನ್ ಗ್ಯಾಲರಿ ಕಪ್ಪು ಜನಪದ ಕಲಾವಿದರ ದೊಡ್ಡ ಪ್ರದರ್ಶನ ಮಾಡಿತು. 20 ಕಲಾವಿದರಲ್ಲಿ ಡಾಯ್ಲ್ ಒಬ್ಬರು. ಅವರೇ ಅಲ್ಲಿಗೆ ಹೋಗಿ, ಅಧ್ಯಕ್ಷರ ಹೆಂಡತಿ ನ್ಯಾನ್ಸಿ ರೇಗನ್ ಅವರನ್ನೂ ಭೇಟಿಯಾದರು. ಆಮೇಲೆ ಹೆಸರು ಹಬ್ಬಿತು. ನ್ಯೂಯಾರ್ಕ್‌ನ ಚಿತ್ರಕಾರ ಜಾನ್ ಮಿಷೆಲ್ ಬಾಸ್ಕಿಯಾ ಡಾಯ್ಲ್ ಚಿತ್ರಗಳನ್ನು ಸಂಗ್ರಹಿಸಿದರು. ಬಾಸ್ಕಿಯಾ ಚಿತ್ರಗಳಲ್ಲಿರುವ ಹೆಸರು, ಅಕ್ಷರ, ಎದುರು ನಿಂತ ಆಕೃತಿಗಳನ್ನು ನೋಡಿದರೆ ಯಾಕೆ ಇಷ್ಟಪಟ್ಟರು ಅಂತ ಹೊಳೆಯುತ್ತದೆ. ಕ್ಯಾಲಿಫೋರ್ನಿಯಾದ ಚಿತ್ರಕಾರ ಎಡ್ ರೂಶೆ 1985ರಲ್ಲಿ ಡಾಯ್ಲ್ ಹೆಸರಿಗೆ ಅರ್ಪಿಸಿ ಒಂದು ಚಿತ್ರ ಬರೆದರು. ಡಾಯ್ಲ್ ತೀರಿಕೊಂಡಿದ್ದೂ ಅದೇ ವರ್ಷ.

ಇಂಥ ಕಲಾವಿದರನ್ನು ಪುಸ್ತಕಗಳಲ್ಲಿ "ಔಟ್‌ಸೈಡರ್" ಅಂತ ಕರೆಯುತ್ತಾರೆ. ಹೊರಗಿನವರು. ಈ ಪದ ನೋಡಿದರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಯಾವುದರ ಹೊರಗೆ? ಆ ದ್ವೀಪದಲ್ಲಿ ಹುಟ್ಟಿ, ಅದೇ ಶಾಲೆಯಲ್ಲಿ ಓದಿ, ಹೆಂಡತಿ ಮಕ್ಕಳು ಹೋದರೂ ತಾನು ಉಳಿದು, ಪ್ರತಿ ಮನೆಯ ಕಥೆ ಬಲ್ಲವರು. ಗುಲ್ಲಾದಲ್ಲಿ ಇದಕ್ಕೆ ಸರಿಯಾದ ಪದ ಇದೆ, "ಬಿನ್ಯಾ". ಮೊದಲಿಂದ ಇಲ್ಲೇ ಇರುವವರು. ಈಚೆಗೆ ಬಂದವರು "ಕಮ್ಯಾ". ಆ ಲೆಕ್ಕದಲ್ಲಿ ಡಾಯ್ಲ್ ಅಪ್ಪಟ ಬಿನ್ಯಾ, ಅವರ ಚಿತ್ರ ನೋಡಲು ಬಂದ ನಾವೆಲ್ಲಾ ಕಮ್ಯಾ.

ಇವತ್ತು ಆ ಅಂಗಳದಲ್ಲಿ ತಗಡುಗಳಿಲ್ಲ. ಎಲ್ಲಾ ಮ್ಯೂಸಿಯಂಗಳಿಗೆ, ಸಂಗ್ರಹಕಾರರ ಮನೆಗಳಿಗೆ ಹೋಗಿವೆ. ಅಲ್ಲಿ ತುಕ್ಕು ಹಿಡಿಯುವುದಿಲ್ಲ, ಚಂಡಮಾರುತಕ್ಕೆ ಹಾರುವುದಿಲ್ಲ, ಅದು ಒಳ್ಳೆಯದೇ. ಅಟ್ಲಾಂಟಾದಲ್ಲಿ ಇರದಿದ್ದರೆ ನನಗೂ ಸಿಗುತ್ತಿರಲಿಲ್ಲ. ಆದರೂ ಆ ಸೂಲಗಿತ್ತಿಯ ಮೊಮ್ಮಕ್ಕಳು ದಾರಿಯಲ್ಲಿ ಹೋಗುವಾಗ ನೋಡಿ "ನಮ್ಮ ಅಜ್ಜಿ" ಅನ್ನುವುದಕ್ಕೂ, ನಾನು ಎಸಿ ಕೋಣೆಯಲ್ಲಿ ನಿಂತು ನೋಡುವುದಕ್ಕೂ ತುಂಬಾ ದೂರ ಇದೆ. ಮತ್ತೆ ಬರೆದು ಜಾಗ ತುಂಬುವ ಕೈ ಈಗ ಇಲ್ಲವಲ್ಲ.

ಜಾಗ ಖಾಲಿಯಾಗುವುದು ಚಿತ್ರಗಳಿಗೆ ಮಾತ್ರ ಆಗಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ಪಕ್ಕದಲ್ಲೇ ಹಿಲ್ಟನ್ ಹೆಡ್ ದ್ವೀಪ ಇದೆ. ಅಲ್ಲಿಗೆ 1956ರಲ್ಲಿ ಸೇತುವೆ ಬಂತು, ಹಿಂದೆಯೇ ಗಾಲ್ಫ್ ಮೈದಾನ, ಗೇಟು ಹಾಕಿದ ಕಾಲೊನಿಗಳು ಬಂದವು. ಗುಲ್ಲಾ ಕುಟುಂಬಗಳ ಜಮೀನು ಎಷ್ಟೋ ಕಡೆ ಉಯಿಲು ಇಲ್ಲದೆ ಅಜ್ಜನಿಂದ ಮೊಮ್ಮಕ್ಕಳಿಗೆ ಜಂಟಿಯಾಗಿ ಬಂದಿರುತ್ತದೆ. ಹತ್ತಾರು ವಾರಸುದಾರರಲ್ಲಿ ಎಲ್ಲೋ ದೂರದಲ್ಲಿರುವ ಒಬ್ಬರ ಪಾಲನ್ನು ಕೊಂಡವರು ಕೋರ್ಟಿಗೆ ಹೋಗಿ ಇಡೀ ಜಮೀನು ಹರಾಜಿಗೆ ತರಿಸಿದ ಉದಾಹರಣೆಗಳು ಬೇಕಾದಷ್ಟಿವೆ. ಜಂಟಿ ಖಾತೆಯ ಜಗಳ ಕಂಡವರಿಗೆ ಇದು ಹೇಗೆ ನಡೆಯುತ್ತದೆ ಅಂತ ಗೊತ್ತು. ಸೇಂಟ್ ಹೆಲೆನಾ ಇನ್ನೂ ಹಾಗಾಗಿಲ್ಲ. 1999ರಲ್ಲಿ ಬ್ಯೂಫರ್ಟ್ ಕೌಂಟಿ ಒಂದು ನಿಯಮ ತಂದು ಈ ದ್ವೀಪದಲ್ಲಿ ಗೇಟೆಡ್ ಕಾಲೊನಿ, ರೆಸಾರ್ಟ್, ಗಾಲ್ಫ್ ಕೋರ್ಸ್ ಬೇಡ ಅಂತು. 2023ರಲ್ಲಿ ಆ ನಿಯಮ ಸಡಿಲಿಸುವ ಪ್ರಯತ್ನ ನಡೆದಾಗ ದ್ವೀಪದ ಜನ ಸಭೆ ತುಂಬಿ ವಿರೋಧಿಸಿದರು, ನಿಯಮ ಉಳಿಯಿತು.

ನಾವು ಪೆನ್ ಸೆಂಟರ್ ತಲುಪಿದಾಗ ಮಧ್ಯಾಹ್ನ. 1948ರಲ್ಲಿ ಶಾಲೆ ಮುಚ್ಚಿದ ಮೇಲೆ ಇದು ಸಮುದಾಯ ಕೇಂದ್ರ ಆಯಿತು. 1960ರ ದಶಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಅವರ ಜೊತೆಗಾರರು ಇಲ್ಲಿಗೆ ಬಂದು ಉಳಿದು ಸಭೆ ಮಾಡುತ್ತಿದ್ದರು. ಕಪ್ಪು ಬಿಳಿ ಜನ ಒಟ್ಟಿಗೆ ಇರಲು ಆಗ ದಕ್ಷಿಣದಲ್ಲಿ ಇಂಥ ಜಾಗಗಳು ತೀರಾ ಕಡಿಮೆ. ಬಿಳಿ ಬಣ್ಣದ ಕಟ್ಟಡಗಳು, ದೊಡ್ಡ ದೊಡ್ಡ ಓಕ್ ಮರಗಳು, ಕೊಂಬೆಗಳಿಂದ ಗಡ್ಡದ ಹಾಗೆ ಇಳಿಬಿದ್ದ ಬೂದು ಪಾಚಿ. ಹತ್ತಿರದಲ್ಲೇ 1855ರಲ್ಲಿ ಗುಲಾಮರೇ ಕಟ್ಟಿದ ಇಟ್ಟಿಗೆ ಚರ್ಚ್. ಕಟ್ಟಿದವರು ಮೇಲಿನ ಅಟ್ಟದಲ್ಲಿ ಕೂರಬೇಕಿತ್ತು. ಮಾಲೀಕರು ಓಡಿಹೋದ ಮೇಲೆ ಕೆಳಗೆ ಬಂದು ಕೂತರು.

ನಾನು ಮರಗಳ ಫೋಟೋ ತೆಗೆಯುತ್ತಿದ್ದೆ. ಮಗಳು ಮ್ಯೂಸಿಯಂ ಬಾಗಿಲ ಹತ್ತಿರ ನಿಂತು ಬೋರ್ಡ್ ಓದುತ್ತಿದ್ದಳು. ಬರುವ ಮೊದಲು ಮನೆಯಲ್ಲಿ ಅವಳಿಗೆ ಡಾಯ್ಲ್ ಚಿತ್ರಗಳನ್ನೆಲ್ಲಾ ತೋರಿಸಿ, ಕೋಳಿ ಕೊಟ್ಟರೆ ಔಷಧಿ ಕೊಡುವ ಡಾಕ್ಟರ ಕಥೆ ಹೇಳಿದ್ದೆ. ಆ ಮ್ಯೂಸಿಯಂಗೆ ಅವರದೇ ಹೆಸರು, ಯಾರ್ಕ್ ಡಬ್ಲ್ಯೂ ಬೇಲಿ ಮ್ಯೂಸಿಯಂ. ನನಗೆ ಗೊತ್ತಿತ್ತು, ಹೇಳಲು ಮರೆತಿದ್ದೆ.

"ಅಪ್ಪಾ, ಬೇಗ ಬಾ," ಅಂತ ಅಲ್ಲಿಂದಲೇ ಕೂಗಿದಳು. "ತಗಡಿನ ಡಾಕ್ಟರ್ ಇಲ್ಲಿದ್ದಾರೆ!"